ಮಳ್ಯಾಗ ಕ್ರೋಮೊಸೋಮ್, ಅಜ್ಜಿ ಟ್ರಂಕಿನ ಸೀರಿ

ಹೊರಗ ಪಾಷಾಣ ರೋಡ್ ಮ್ಯಾಲೆ ಮಳಿ ಹೆಂಗ ಹೊಡ್ಯಾಕತ್ತೈತಿ ನೋಡ್ರಿ, ಜುಲೈ ತಿಂಗಳ ಪುಣೆ ಅಂದ್ರ ಹಿಂಗ, ಮತ್ತ ನಂದು ಸ್ಲೈಡ್ ಮಾಡೂ ದಿನಾನೂ ಇವತ್ತೇ.

ಮೂರು ದಿನದ ಹಿಂದ ವಯಸ್ಸಾದವರ ರಕ್ತದಿಂದ ಲಿಂಫೋಸೈಟ್ ಅನ್ನೂ ಬಿಳಿ ರಕ್ತಕಣ ತಗದು ಬೆಳಸಾಕ (ಕಲ್ಚರ್) ಹಾಕಿದ್ದೆ, 37 ಡಿಗ್ರಿ, 72 ತಾಸು. ಈ ಸೆಲ್‌ಗಳು ತಾವಾಗೇ ಡಿವೈಡ್ ಆಗಂಗಿಲ್ಲ, ಪಿಎಚ್‌ಎ ಅನ್ನೂ ಪ್ರೋಟೀನ್ ಹಾಕಿ ಎಬ್ಬಿಸಬೇಕು, ಅದನ್ನ ತಗಿಯೂದು ಎದರಿಂದ ಗೊತ್ತೇನು, ರಾಜ್ಮಾ ಕಾಳಿನಿಂದ! ಅರ್ಧ ಟ್ಯೂಬಿಗೆ ಎಪಿಟಾಲಾನ್ ಹಾಕೀನಿ, ಉಳಿದದ್ದು ಹೋಲಿಸಿ ನೋಡಾಕ ಕಂಟ್ರೋಲ್. ಎಪಿಟಾಲಾನ್ ಅಂದ್ರ ನಾಕೇ ನಾಕು ಅಮೈನೋ ಆಸಿಡ್ ಇರೂ ಪೆಪ್ಟೈಡ್, ರೀಲ್ಸ್‌ನ್ಯಾಗ ವಯಸ್ಸು ಹಿಂದಕ್ಕ ಹೋಗ್ತೈತಿ ಅಂತ ಮಾರ್ತಾರಲ್ಲ, ಅದೇ.

ನಿನ್ನೆ ಧಾರವಾಡದಿಂದ ಅಜ್ಜಿ ಫೋನ್ ಮಾಡಿ ಅದೇನ್ ಹಚ್ಚೀಯವ್ವಾ ದಿನಾ ಅಂದ್ಲು. ನಾ ಹೇಳಿದೆ, ಅಜ್ಜಿ, ಒಂದೊಂದು ಸೆಲ್‌ನ್ಯಾಗ ಎರಡು ಮೀಟರ್ ಡಿಎನ್‌ಎ ಐತಿ, ಹಿಸ್ಟೋನ್ ಅನ್ನೂ ಪ್ರೋಟೀನಿಗೆ ಸುತ್ತಿ ಸುತ್ತಿ ನಿನ್ನ ಟ್ರಂಕಿನ ಇಳಕಲ್ ಸೀರಿಗತೆ ಮಡಚಿ ಇಟ್ಟಿರ್ತೈತಿ, ಅದಕ್ಕ ಕ್ರೊಮಾಟಿನ್ ಅಂತಾರ, ಸೆಲ್ ಡಿವೈಡ್ ಆಗೂವಾಗ ಅದೇ ಇನ್ನೂ ಬಿಗಿ ಆಗಿ ಕ್ರೋಮೊಸೋಮ್ ಆಗಿ ಕಾಣ್ತೈತಿ, ಭಾಳ ಬಿಗಿ ಮಡಚಿದ ಜಾಗಾದಾಗಿನ ಜೀನ್ ಕೆಲಸ ಮಾಡಂಗಿಲ್ಲ. 2003ರಾಗ ಸೇಂಟ್ ಪೀಟರ್ಸ್‌ಬರ್ಗಿನ ಖಾವಿನ್ಸನ್, ಟಿಬಿಲಿಸಿಯ ಲೆಝಾವಾ ಅನ್ನೂ ವಿಜ್ಞಾನಿಗಳೆಲ್ಲ ಕೂಡಿ, 75 ದಾಟಿದವರ ಲಿಂಫೋಸೈಟ್‌ನ್ಯಾಗ ಎಪಿಟಾಲಾನ್ ಈ ಮಡಿಕಿ ಸಡ್ಲ ಮಾಡ್ತೈತಿ, ಮುಚ್ಚಿದ್ದ ರೈಬೊಸೋಮ್ (ಪ್ರೋಟೀನ್ ಮಾಡೂ ಯಂತ್ರ) ಜೀನ್ ಮತ್ತ ಶುರು ಆಗ್ತಾವ ಅಂತ ಬರದ್ರು. ಸೆಂಟ್ರೊಮಿಯರ್, ಅಂದ್ರ ಕ್ರೋಮೊಸೋಮಿನ ಸೊಂಟ, ಅದರ ಹತ್ರ ಇರೂ ಗಟ್ಟಿ ಮಡಿಕಿ ಮಾತ್ರ ಬಿಚ್ಚಲಿಲ್ಲಂತ.

ಅಜ್ಜಿ ಸುಮ್ನ ಕೇಳಿ, ಎಲ್ಲಾ ಸೀರಿ ಬಿಚ್ಚಿ ಹರವಿದ್ರ ಮನಿ ಏನಾಗಬೇಕು ಅಂದ್ಲು.

ಅಲ್ರೀ, ಇದೇ ನಮ್ಮ ಜಗಳ! ವಯಸ್ಸಾದಂಗ ಮಡಿಕಿ ಬಿಗಿ ಆಗ್ತೈತಿ ಅಂತ ಖಾವಿನ್ಸನ್ ಕಡ್ಯಾವ್ರು, ಇಲ್ಲ ಸಡ್ಲ ಆಗಿ ಸುಮ್ಮನಿರಬೇಕಾದ ಜೀನೆಲ್ಲ ಎದ್ದು ಕುಂದರ್ತಾವ ಅಂತ 1997ರಿಂದ ಇನ್ನೊಂದು ವಾದ. ಎರಡನೇದು ಖರೇ ಆದ್ರ ಸಡ್ಲ ಮಾಡೂದು ಒಳ್ಳೇದೋ ಕೆಟ್ಟದ್ದೋ? ಮತ್ತ ಇದೆಲ್ಲಾ ಫ್ಲಾಸ್ಕಿನಾಗಿನ ಸೆಲ್, ಮನಷ್ಯಾ ಅಲ್ಲ. ಎಪಿಟಾಲಾನ್ ಇಂಜೆಕ್ಷನ್ ಚುಚ್ಚಿಕೊಳ್ಳೋರು ಇದನ್ನ ಕೇಳಂಗಿಲ್ಲ ಬಿಡ್ರಿ.

ಹಾಂ, ಸ್ಲೈಡ್. ಸೆಲ್ ಇರೂ ದ್ರವಾನ ಪಿಪೆಟ್‌ನಿಂದ ಒಂದೊಂದೇ ಹನಿ ಮ್ಯಾಲಿಂದ ಬೀಳಿಸ್ತೀವಿ, ಗಾಜಿನ ಮ್ಯಾಲೆ ಟಪ್ ಅಂತ ಬಿದ್ದು ಒಣಗೂವಾಗ ಕ್ರೋಮೊಸೋಮ್ ಹರಡ್ತಾವ. ಹವಾದಾಗ ಇಷ್ಟು ತೇವ ಇದ್ರ ನಿಧಾನ ಒಣಗಿ ಅತಿ ಹರಡ್ತಾವ, ಪಕ್ಕದ ಸೆಲ್ಲಿಗೆ ಹೋಗಿ ಕೂಡ್ತಾವ. ಎಣಿಸಿದ್ರ ಒಂದರಾಗ 43, ಬಾಜೂಕ 49, ಇರಬೇಕಾದ್ದು 46. ಕಂಟ್ರೋಲಿನದೂ ಇದೇ ಹಣೆಬರಹ.

ಹವಾದಾಗಿನ ತೇವ ಹೀರೂ ಡಿಹ್ಯುಮಿಡಿಫೈಯರ್ ಕೆಟ್ಟು ಎರಡು ವಾರ ಆತು. ಅಮೃತತುಲ್ಯದಾಗ ಒಂದು ಚಹಾ ಕುಡದು ಬರ್ತೀನಿ, ಅಷ್ಟರಾಗ ಮಳಿ ನಿಂತ್ರ ಉಳಿದ ಹನಿ ಹಾಕ್ತೀನಿ.