ಎಷ್ಟು ಜನ, ಎಷ್ಟು ಹೊತ್ತಿಗೆ, ಡ್ರೈವರ್ ಇದ್ದಾರಾ?

ಕೇಳುಗರೇ, ನಮಸ್ಕಾರ.

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ತೋಟದ ಮನೆಯ ಮೂರು ರೂಮುಗಳನ್ನು ಹೋಂಸ್ಟೇ ಅಂತ ಬಂದವರಿಗೆ ಕೊಡುತ್ತೇವೆ. ತೋಟ ನಮ್ಮನೆಯವರ ಪಾಲು, ಫೋನು ನನ್ನ ಪಾಲು. ಯಾರಿಗೆ ಹೂಂ ಅನ್ನಬೇಕು, ಯಾರಿಗೆ ಇಲ್ಲ ಅನ್ನಬೇಕು ಅನ್ನುವ ಕೆಲಸ ಹಾಗಾಗಿ ನನ್ನ ತಲೆಗೇ ಬಿದ್ದಿದೆ. ರೂಮು ಕೇಳಿದರೂ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ತುಂಬಾ ಜನ. ಈ ಕಡೆ ಕೂತವಳಿಗೆ ಅದು ಹೇಗೆ ಕಾಣುತ್ತದೆ ಅಂತ ಇವತ್ತು ಸ್ವಲ್ಪ ಹೇಳುತ್ತೇನೆ.

ಶುಕ್ರವಾರ ರಾತ್ರಿ ನನ್ನ ಫೋನಿಗೆ ಬರುವ ಮೆಸೇಜುಗಳು ಹೀಗಿರುತ್ತವೆ. 'ಹಾಯ್.' ಅಷ್ಟೇ. ಇನ್ನೊಂದು, 'ಅವೈಲಬಲ್?' ಮತ್ತೊಂದು, 'ಲಾಸ್ಟ್ ಎಷ್ಟು?' ಯಾವ ದಿನ, ಎಷ್ಟು ಜನ, ಯಾರು, ಒಂದೂ ಇಲ್ಲ. ಬೆಲೆ ಕೇಳುವುದು ತಪ್ಪಲ್ಲ. ಸಂತೆಯಲ್ಲಿ ನಾನೂ ಚೌಕಾಸಿ ಮಾಡುವವಳೇ. ಆದರೆ ಸಂತೆಯಲ್ಲಿ ಬದನೆಕಾಯಿ ಕೊಟ್ಟು ಕಳಿಸಿದರೆ ವ್ಯವಹಾರ ಮುಗಿಯಿತು. ಇಲ್ಲಿ ಹಾಗಲ್ಲ. ನಾವು ಮಲಗುವ ಕೋಣೆಯಿಂದ ಒಂದು ಗೋಡೆ ಆಚೆ, ಹೆಸರೂ ಗೊತ್ತಿಲ್ಲದವರು ಎರಡು ರಾತ್ರಿ ಇರುತ್ತಾರೆ.

ಇನ್ನೊಂದು ವಿಷಯ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಮಳೆಗಾಲದಲ್ಲಿ ಕೊಡೆ ಹಿಡಿದು ಹೋಗಬೇಕು. ಒಂದು ಕೈಯಲ್ಲಿ ಅಕ್ಕಿರೊಟ್ಟಿಯ ಹಿಟ್ಟು ಇನ್ನೂ ಅಂಟಿಕೊಂಡಿರುತ್ತದೆ. 'ಹಾಯ್' ಅಂದವರಿಗೆ 'ಯಾವತ್ತು?' ಅಂತ ಕೇಳಿ ವಾಪಸ್ ಬಂದು, ಅವರ ಉತ್ತರಕ್ಕೆ ಮತ್ತೆ ಹೋಗಿ, 'ಎಷ್ಟು ಜನ?' ಅಂತ ಕೇಳಿ... ಅಷ್ಟರಲ್ಲಿ ಎಲ್ಲವನ್ನೂ ಒಂದೇ ಸಲ ಬರೆದವರಿಗೆ ರೂಮು ಹೋಗಿಬಿಟ್ಟಿರುತ್ತದೆ. ಇದರಲ್ಲಿ ಅಹಂಕಾರ ಏನೂ ಇಲ್ಲ, ಸುಮ್ನೆ ಕಾಲು ನೋವು.

ಒಂದು ಸಲ ಬಂದ ಮೆಸೇಜು ನನಗೆ ಈಗಲೂ ನೆನಪಿದೆ. 'ನಮಸ್ಕಾರ. ಬರುವ ಶನಿವಾರ ಬಂದು ಸೋಮವಾರ ಬೆಳಗ್ಗೆ ಹೊರಡುತ್ತೇವೆ. ನಾವಿಬ್ಬರು, 7 ವರ್ಷದ ಮಗಳು, ನಮ್ಮ ಅತ್ತೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಇಲ್ಲದ ರೂಮು ಇದೆಯಾ? ಹಾಸನದ ಮೇಲೆ ಬರುತ್ತೇವೆ, ಮಧ್ಯಾಹ್ನ 3ರ ಸುಮಾರಿಗೆ ತಲುಪಬಹುದು.' ಓದುತ್ತಿದ್ದ ಹಾಗೇ ಮುಂದಿನ ರೂಮಿನ ಮಂಚ ಕಣ್ಣಿಗೆ ಬಂತು. ಅತ್ತೆಯವರಿಗೆ ಬಚ್ಚಲಿಗೆ ಒಂದು ಸ್ಟೂಲ್ ಇಡಬೇಕು ಅಂತಲೂ ಅಂದುಕೊಂಡೆ. ಒಪ್ಪಿಗೆ ಕೊಡುವುದಕ್ಕೆ ಮೊದಲೇ ಅವರು ನಮ್ಮ ಮನೆಗೆ ಬಂದುಬಿಟ್ಟಿದ್ದರು, ಅಲ್ವಾ?

ಈ ಮೆಸೇಜಿನಲ್ಲಿ ಇದ್ದದ್ದು ನಾಲ್ಕೇ ಮಾತು. ಯಾರು, ಯಾವತ್ತು, ಎಷ್ಟು ಹೊತ್ತಿಗೆ, ಏನು ಬೇಕು.

ಜನರ ಲೆಕ್ಕದಲ್ಲಿ ದಯವಿಟ್ಟು ಸುಳ್ಳು ಹೇಳಬೇಡಿ. 6 ಜನ ಅಂತ ಬರೆದಿದ್ದ ಒಂದು ಗುಂಪು ಬಂದ ಮರುದಿನ ಬೆಳಗ್ಗೆ ಜಗಲಿಯಲ್ಲಿ ಚಪ್ಪಲಿ ಎಣಿಸಿದೆ. 9 ಜೊತೆ! ಹೆಚ್ಚಿನ ಮೂವರು ರಾತ್ರಿ ನಾವು ಮಲಗಿದ ಮೇಲೆ ಇನ್ನೊಂದು ಕಾರಿನಲ್ಲಿ ಬಂದಿದ್ದರು. 9 ಜನ ಅಂತ ಮೊದಲೇ ಹೇಳಿದ್ದರೆ ಎರಡು ಹಾಸಿಗೆ ಜಾಸ್ತಿ ಹಾಕಿಸಿ, ಅದರ ದುಡ್ಡು ಮಾತಾಡಿಕೊಂಡು, ನಗುನಗುತ್ತಾ ಕೊಡುತ್ತಿದ್ದೆ. ಇಲ್ಲಿ ಊಟ ತಲೆಲೆಕ್ಕದಲ್ಲಿ ಆಗುತ್ತದೆ. ಮೂರು ತಲೆ ಜಾಸ್ತಿ ಆದರೆ ಬೆಳಗ್ಗೆಯ ಕಡುಬಿಗೆ ಅಕ್ಕಿತರಿಯೇ ಸಾಲುವುದಿಲ್ಲ.

ಡ್ರೈವರ್ ವಿಷಯ ನೂರಕ್ಕೆ ತೊಂಬತ್ತು ಜನ ಮರೆಯುತ್ತಾರೆ. ನೂರಕ್ಕೆ ತೊಂಬತ್ತು ಅನ್ನುವುದು ನನ್ನ ಸಿಟ್ಟಿನ ಲೆಕ್ಕ, ಬರೆದಿಟ್ಟಿದ್ದಲ್ಲ. ಬೆಂಗಳೂರಿನಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು 12 ಜನ ಬರುತ್ತಾರೆ. 12 ಜನಕ್ಕೂ ಹಾಸಿಗೆ, ಬಿಸಿನೀರು, ಊಟ ಎಲ್ಲ ಮಾತಾಡಿರುತ್ತಾರೆ. ಅಷ್ಟು ದೂರ ಗಾಡಿ ಓಡಿಸಿದ ಮನುಷ್ಯ ಮಾತ್ರ ಲೆಕ್ಕದಲ್ಲಿ ಇಲ್ಲ. ಡಿಸೆಂಬರ್ ಚಳಿಯಲ್ಲಿ ಅವನು ಸೀಟಿನ ಮೇಲೆ ಮುದುಡಿಕೊಂಡು ಮಲಗಬೇಕಾ? ಮರುದಿನ ಚಾರ್ಮಾಡಿ ಘಾಟಿ ಇಳಿಸುವವನೂ ಅವನೇ. 'ನಮ್ಮ ಜೊತೆ ಡ್ರೈವರ್ ಇದ್ದಾರೆ, ಅವರಿಗೂ ಒಂದು ಜಾಗ ಬೇಕು' ಅಂತ ಬರೆಯುವವರ ಮೇಲೆ ನನಗೆ ಆ ಒಂದೇ ಸಾಲಿನಿಂದ ನಂಬಿಕೆ ಬರುತ್ತದೆ. ಇಷ್ಟು ಯೋಚನೆ ಮಾಡುವವರು ನನ್ನ ಮನೆಯನ್ನೂ ಚೆನ್ನಾಗೇ ಇಟ್ಟುಕೊಳ್ಳುತ್ತಾರೆ ಅನ್ನಿಸುತ್ತದೆ.

ಹೊತ್ತಿನ ವಿಷಯಕ್ಕೆ ಬೇರೆಯೇ ಕಾರಣ ಇದೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಸುತ್ತ ಕಾಡಾನೆ ಕಾಟ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಾವೇ ಓಡಾಡುವುದಿಲ್ಲ. 'ಆಫೀಸ್ ಮುಗಿಸಿ ಹೊರಡುತ್ತೇವೆ, ರಾತ್ರಿ 12ಕ್ಕೆ ಬರುತ್ತೇವೆ' ಅಂದರೆ ನಾನು ಇಲ್ಲ ಅನ್ನುತ್ತೇನೆ. ಅವರು ಕೆಟ್ಟವರು ಅಂತಲ್ಲ, ಆನೆಗೆ ಅವರ ಆಫೀಸಿನ ಟೈಮ್ ಗೊತ್ತಿಲ್ಲ. 'ಆ ರಾತ್ರಿ ಹಾಸನದಲ್ಲಿ ಉಳಿದು ಬೆಳಗ್ಗೆ ಬರುತ್ತೇವೆ' ಅಂದರೆ ತಕ್ಷಣ ಹೂಂ.

ಈಗ ಆ್ಯಪ್‌ಗಳ ಮಾತು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ ಬಾಡಿಗೆ ಕಟ್ಟಲು ಒದ್ದಾಡುತ್ತಿದ್ದ ಇಬ್ಬರು ಹುಡುಗರು ಗಾಳಿ ತುಂಬುವ ಹಾಸಿಗೆ ಹಾಸಿ, ಮೂವರನ್ನು ಮನೆಯಲ್ಲಿ ಇಟ್ಟುಕೊಂಡರು. ಬೇರೆಯವರ ಮನೆ, ರೂಮು ಬುಕ್ ಮಾಡುವ ಏರ್‌ಬಿಎನ್‌ಬಿ ಆ್ಯಪ್ ಶುರುವಾದದ್ದು ಹಾಗೆ. ಹೆಸರಿನಲ್ಲಿ ಏರ್ ಇರುವುದೂ ಅದಕ್ಕೇ. ಅದರಲ್ಲಿ ಎರಡು ಥರ ಇದೆ. ಕೆಲವು ಮನೆಗಳು ಬಟನ್ ಒತ್ತಿದ ಕೂಡಲೇ ಬುಕ್ ಆಗುತ್ತವೆ. ಉಳಿದವಕ್ಕೆ ರಿಕ್ವೆಸ್ಟ್ ಕಳಿಸಬೇಕು, ಮನೆಯವರು 24 ಗಂಟೆಯೊಳಗೆ ಉತ್ತರ ಕೊಡಬೇಕು. ಹೊಸದಾಗಿ ಆ್ಯಪ್ ಹಾಕಿಕೊಂಡವರ ಪ್ರೊಫೈಲ್ ಖಾಲಿ ಸ್ಲೇಟಿನ ಹಾಗೆ ಇರುತ್ತದೆ. ನಿಮ್ಮ ಬಗ್ಗೆ ಎರಡು ಸಾಲು ಬರೆಯಿರಿ. ಗುರುತಿನ ಪರಿಶೀಲನೆ ಮುಗಿಸಿ. ಮೊದಲನೇ ಸಲವೇ ದಸರಾ ರಜೆಗೆ, ದೊಡ್ಡ ಬಂಗಲೆಗೆ ಕೈ ಹಾಕಬೇಡಿ. ವಾರದ ನಡುವೆ, ಒಂದು ರಾತ್ರಿಗೆ, ಹೊಸದಾಗಿ ಶುರುವಾದ ಮನೆಯೊಂದನ್ನು ಕೇಳಿ ನೋಡಿ. ಅವರಿಗೂ ರಿವ್ಯೂ ಬೇಕಿರುತ್ತದೆ, ನಿಮಗೂ ಬೇಕು.

ಗೆಸ್ಟ್‌ಗಳಿಗೂ ರಿವ್ಯೂ ಬರೆಯುತ್ತಾರೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹೊರಟ ಮೇಲೆ 14 ದಿನ ಟೈಮ್ ಇರುತ್ತದೆ. ಇಬ್ಬರೂ ಬರೆಯುವವರೆಗೆ, ಇಲ್ಲವೇ ಆ 14 ದಿನ ಮುಗಿಯುವವರೆಗೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಮನೆ ಸ್ವಚ್ಛವಾಗಿ ಇಟ್ಟರಾ, ಸರಿಯಾಗಿ ಮಾತಾಡಿದರಾ, ಮನೆಯ ನಿಯಮ ಪಾಲಿಸಿದರಾ, ಮೂರಕ್ಕೂ ನಾವು ಸ್ಟಾರ್ ಕೊಡುತ್ತೇವೆ. ಹೋಗುವಾಗ ಪಾತ್ರೆ ಸಿಂಕಿನಲ್ಲಿ ಹಾಕಿ ಗೀಸರ್ ಆಫ್ ಮಾಡಿ ಹೋದವರನ್ನು ನಾನಂತೂ ಮರೆಯುವುದಿಲ್ಲ. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವುದಾದರೂ ಮೊದಲೇ ಹೇಳಿಬಿಡಿ. ಪಾರ್ಟಿಗಳನ್ನು ಆ ಕಂಪನಿ 2022ರಲ್ಲಿ ಕಾಯಂ ಆಗಿ ನಿಷೇಧಿಸಿದೆ. ಹಾಗಾಗಿ ಸ್ಪೀಕರ್ ಪೆಟ್ಟಿಗೆ ಕಂಡರೇ ನಮಗೆ ಎದೆ ಢವಢವ.

ನನ್ನದೇ ಒಂದು ತಪ್ಪು ಹೇಳಬೇಕು. ಒಂದು ಜೂನ್ ತಿಂಗಳಲ್ಲಿ ಐದು ಹುಡುಗರು ಕೇಳಿದರು. 'ಐದು ಜನ ಬಾಯ್ಸ್, ಮೂರು ದಿನ.' ಇಲ್ಲ ಅಂದೆ. ಯಾಕೆ ಅಂತ ನಿಮಗೂ ಗೊತ್ತು. ಹುಡುಗರು, ಮಳೆ, ಬಾಟಲಿ. ಪಕ್ಕದ ತೋಟದವರು ರೂಮು ಕೊಟ್ಟರು. ಎರಡನೇ ರಾತ್ರಿ ನಮ್ಮ ತೋಡಿನ ಹತ್ತಿರ ಟಾರ್ಚ್ ಬೆಳಕು ಕಂಡು ನಮ್ಮನೆಯವರು ದೊಣ್ಣೆ ಹಿಡಿದು ಹೋದರು. ನೋಡಿದರೆ ಐವರೂ ಮೊಣಕಾಲುದ್ದದ ಬೂಟು ಹಾಕಿಕೊಂಡು, ಮಳೆಯಲ್ಲಿ ನೆನೆಯುತ್ತಾ ಕಪ್ಪೆ ಕೂಗು ರೆಕಾರ್ಡ್ ಮಾಡುತ್ತಿದ್ದಾರೆ! ಪಾಪ, ಪಿಸುಮಾತಿನಲ್ಲಿ 'ಅಂಕಲ್, ಲೈಟ್ ಆಫ್ ಮಾಡ್ತೀರಾ' ಅಂದರಂತೆ. ಆ ಮೆಸೇಜಿನಲ್ಲಿ 'ಕಪ್ಪೆ ನೋಡಲು' ಅಂತ ಇದ್ದಿದ್ದರೆ ಕಡುಬು ಮಾಡಿ ಹಾಕುತ್ತಿದ್ದೆ. ತಪ್ಪು ಅವರದಕ್ಕಿಂತ ನನ್ನದೇ ಜಾಸ್ತಿ. ನಾನೂ ಒಂದು ಮಾತು ಕೇಳಬಹುದಿತ್ತು.

ಎಷ್ಟು ಚೆನ್ನಾಗಿ ಬರೆದರೂ ತೆರೆಯದ ಬಾಗಿಲುಗಳೂ ಇವೆ. ಅಮೆರಿಕದ ಐದು ನಗರಗಳಲ್ಲಿ ಹಾರ್ವರ್ಡ್‌ನ ಸಂಶೋಧಕರು ಒಂದೇ ಥರದ ರಿಕ್ವೆಸ್ಟ್‌ಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದರು. ಕರಿಯರದು ಅನ್ನಿಸುವ ಹೆಸರಿದ್ದವರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇಕಡಾ 16ರಷ್ಟು ಕಡಿಮೆ ಇತ್ತು. 2018ರಲ್ಲಿ ಏರ್‌ಬಿಎನ್‌ಬಿ ನಿಯಮ ಬದಲಿಸಿತು. ಬುಕಿಂಗ್ ಒಪ್ಪುವ ತನಕ ಗೆಸ್ಟ್ ಫೋಟೋ ಮನೆಯವರಿಗೆ ಕಾಣುವುದಿಲ್ಲ. ಹೆಸರು ಕಾಣುತ್ತದೆ. ನಮ್ಮಲ್ಲೂ ಹೆಸರು ಕೇಳಿ, ಅಡ್ಡಹೆಸರು ಕೇಳಿ 'ರೂಮು ಖಾಲಿ ಇಲ್ಲ' ಅನ್ನುವವರು ಇದ್ದಾರೆ. ಅಂಥ ಕಡೆ ನಿಮ್ಮ ಮೆಸೇಜಿನಲ್ಲಿ ತಪ್ಪು ಹುಡುಕಬೇಡಿ.

ಮದುವೆಯಾಗದ ಜೋಡಿಗಳೂ ಇದನ್ನು ಅನುಭವಿಸುತ್ತಾರೆ. ಇಬ್ಬರು ವಯಸ್ಕರು ಒಂದೇ ರೂಮಿನಲ್ಲಿ ಇರಬಾರದು ಅನ್ನುವ ಕಾನೂನು ಇಲ್ಲ. ಕೊಯಮತ್ತೂರಿನ ಒಂದು ಪ್ರಕರಣದಲ್ಲಿ 2019ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನೇ ಹೇಳಿತು. ಆದರೂ ಒಪ್ಪದ ಮನೆಗಳಿವೆ. ಗೇಟಿನ ಮುಂದೆ ಬ್ಯಾಗ್ ಹಿಡಿದುಕೊಂಡು ವಾದ ಮಾಡುವುದಕ್ಕಿಂತ, ಮೊದಲೇ ಕೇಳಿ ತಿಳಿದುಕೊಳ್ಳಿ. ಗುರುತಿನ ಚೀಟಿ ಎಲ್ಲರದೂ ಬೇಕಾಗುತ್ತದೆ. ಆಧಾರ್ ಕೊಡುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ.

ಇಷ್ಟೆಲ್ಲ ಹೇಳುವ ನಾನು ಗೆಸ್ಟ್ ಆದಾಗ ಏನು ಮಾಡಿದೆ ಕೇಳಿ. ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುತ್ತಿದ್ದಳು. ನಾವಿಬ್ಬರೂ ಆಗಸ್ಟಿನಲ್ಲಿ ಹೊರಟೆವು. ಆಗಸ್ಟ್ ಅಂದರೆ ಅಲ್ಲಿ ದೊಡ್ಡ ಕಲಾ ಉತ್ಸವದ ತಿಂಗಳು, 1947ರಿಂದ ನಡೆದು ಬಂದದ್ದು. ಊರಿಗೆ ಊರೇ ತುಂಬಿರುತ್ತದೆ. ನಾನು ಬರೆದದ್ದು, 'ಇಬ್ಬರು, ಐದು ದಿನ, ರೂಮು ಇದೆಯಾ?' ಎರಡು ಮನೆಯವರು ಇಲ್ಲ ಅಂದರು. ಮಗಳು ನೋಡಿ ನಕ್ಕಳು. 'ಅಮ್ಮಾ, ನೀನು ದಿನಾ ಬೈತೀಯಲ್ಲ, ಆ ಗೆಸ್ಟ್ ನೀನೇ!'

ಇಬ್ಬರೂ ಕೂತು ಮತ್ತೆ ಬರೆದೆವು. ಮಗಳನ್ನು ನೋಡಲು ಬರುತ್ತಿದ್ದೇವೆ. ನಾವೂ ಊರಲ್ಲಿ ಗೆಸ್ಟ್‌ಗಳನ್ನು ಇಟ್ಟುಕೊಳ್ಳುವವರು. ಸಿಗರೇಟು ಸೇದುವುದಿಲ್ಲ, ಚಪ್ಪಲಿ ಬಾಗಿಲಲ್ಲೇ ಬಿಡುತ್ತೇವೆ. ಬೆಳಗ್ಗೆ ಒಗ್ಗರಣೆ ಹಾಕುವ ಅಭ್ಯಾಸ ಇದೆ, ಅಡುಗೆಮನೆ ಬಳಸಬಹುದಾ? ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ಇಬ್ಬರೂ ಒದ್ದಾಡಿ, ಕೊನೆಗೆ 'ಬಿಸಿ ಎಣ್ಣೆಗೆ ಸಾಸಿವೆ' ಅಂತ ಬರೆದೆವು. ಒಂದು ಗಂಟೆಯೊಳಗೆ ಮನೆಯಾಕೆಯ ಉತ್ತರ ಬಂತು. ಬನ್ನಿ. ಸಾಸಿವೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಮೇಲಿನ ಫ್ಯಾನ್ ಹಾಕಿ. ಸ್ಕಾಟ್ಲೆಂಡಿನ ಮನೆಗಳಲ್ಲಿ ಹೊಗೆ, ಬೆಂಕಿಯ ಒಂದು ಅಲಾರಂ ಕೂಗಿದರೆ ಎಲ್ಲವೂ ಕೂಗುವ ಹಾಗೆ ಜೋಡಿಸಿರಬೇಕು, 2022ರಿಂದ ಅದು ಅಲ್ಲಿ ಕಾನೂನು. ಮೊದಲ ದಿನ ನಮ್ಮನೆಯವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು, ನಾನು ಉಪ್ಪಿಟ್ಟಿನ ಒಗ್ಗರಣೆಗೆ ಸಾಸಿವೆ ಹಾಕಿದೆ. ಚಟಪಟ ಅಂತು. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಅಲಾರಂ ಸುಮ್ಮನಿತ್ತು.

ಸರಿ, ನಾನು ಹೊರಡಬೇಕು. ಸಂಜೆ 5ಕ್ಕೆ ಮೈಸೂರಿನಿಂದ ಒಂದು ಕುಟುಂಬ ಬರುತ್ತಿದೆ. ಅಜ್ಜಿಗೆ ಖಾರ ಆಗುವುದಿಲ್ಲವಂತೆ, ಮಗುವಿಗೆ ಕರು ನೋಡಬೇಕಂತೆ. ಡ್ರೈವರ್‌ಗೆ ಹಾಸಿಗೆ ಹಾಕಿಸಿ ಬಂದಿದ್ದೇನೆ.

ನಮಸ್ಕಾರ.