ಮೋಡ ಕಪ್ಪಗೆ ಕಾಣೋ ಜಾಗ ಹುಡುಕಿ

ಈ ಎರಡು ಫ್ರೇಮ್ ನೋಡಿ. ಕ್ಯಾಮೆರಾ ಒಂದೇ, ಎಕ್ಸ್‌ಪೋಷರ್ ಒಂದೇ, ಟ್ರೈಪಾಡ್ ಇಟ್ಟ ಜಾಗವೂ ಒಂದೇ. ಎಡಗಡೆದು ಪಟ್ಟಣದ ಕಡೆ ಮುಖ ಮಾಡಿ ತೆಗೆದಿದ್ದು, ಬಲಗಡೆದು ಪಟ್ಟಣಕ್ಕೆ ಬೆನ್ನು ಹಾಕಿ ತೆಗೆದಿದ್ದು. ಒಂದರಲ್ಲಿ ದಿಗಂತದ ಮೇಲೆ ಮಬ್ಬು ಬೆಳಕಿನ ಗುಮ್ಮಟ, ಇನ್ನೊಂದರಲ್ಲಿ ಆಕಾಶಗಂಗೆ ನೆಲದ ತನಕ ಇಳಿದಿದೆ. ನಕ್ಷತ್ರ ನೋಡೋಕೆ ಕತ್ತಲೆ ಜಾಗ ಬೇಕಂದ್ರೆ ಊರಿಂದ ಎಷ್ಟು ದೂರ ಹೋಗಬೇಕು ಅಂತ ಎಲ್ಲರೂ ಕೇಳ್ತಾರೆ. ಅದಕ್ಕೂ ಮೊದಲು ಯಾವ ದಿಕ್ಕಿಗೆ ನೋಡ್ತೀರಿ ಅನ್ನೋದು ತೀರ್ಮಾನ ಆಗಬೇಕು.

ಉತ್ತರ ಗೋಳಾರ್ಧದಲ್ಲಿದ್ದು ಧನು, ವೃಶ್ಚಿಕ ರಾಶಿಗಳ ಕಡೆಯ ದಟ್ಟ ಆಕಾಶಗಂಗೆ ನೋಡಬೇಕಾದ್ರೆ ಮುಖ ದಕ್ಷಿಣಕ್ಕೆ. ಹಾಗಾಗಿ ಪಟ್ಟಣದ ದಕ್ಷಿಣಕ್ಕೇ ಜಾಗ ಹುಡುಕಿ, ಪಟ್ಟಣದ ಬೆಳಕು ಬೆನ್ನ ಹಿಂದೆ ಉಳಿಯುತ್ತೆ. ದೂರದ ವಿಷಯಕ್ಕೆ ವಾಕರ್ ಸೂತ್ರ ಅಂತ ಒಂದು ಸ್ಥೂಲ ಲೆಕ್ಕ ಇದೆ: ದೂರ ಎರಡು ಪಟ್ಟಾದ್ರೆ ಆ ಊರಿನ ಬೆಳಕಿನ ಮಬ್ಬು ಸುಮಾರು ಐದೂವರೆ ಪಟ್ಟು ಕಡಿಮೆ. 20 ಕಿಲೋಮೀಟರಿಂದ 40ಕ್ಕೆ ಹೋದ್ರೆ ಲಾಭ ದೊಡ್ಡದು, ಆದ್ರೆ ಆ ಹಾದಿಯಲ್ಲಿ ಇನ್ನೊಂದು ಊರಿನ ಹತ್ತಿರ ಹೋಗಿಬಿಡಬಾರದು, ಅಷ್ಟೇ.

ಈಗ ಬೆಳಕಿನ ಮಾಲಿನ್ಯದ ನಕ್ಷೆ. ಹೊಸಬರು ಹೆಚ್ಚಾಗಿ ಎಡವೋದು ಇಲ್ಲೇ. ಇಂಥ ನಕ್ಷೆಗಳಲ್ಲಿ ಸಾಮಾನ್ಯವಾಗಿ ಎರಡು ಪದರ ಇರುತ್ತೆ. ವಿಯರ್ಸ್ ಅನ್ನೋದು ಉಪಗ್ರಹ ಮೇಲಿಂದ ಕಂಡ ದೀಪಗಳ ಲೆಕ್ಕ. ಅದರಲ್ಲಿ ಒಂದು ಜಾಗ ಕಪ್ಪಗಿದ್ರೆ ಅಲ್ಲಿ ದೀಪ ಇಲ್ಲ ಅಂತ ಅರ್ಥ, ಆಕಾಶ ಕಪ್ಪಗಿದೆ ಅಂತಲ್ಲ. ಪಕ್ಕದ ನಗರದ ಬೆಳಕು ಆ ಜಾಗದ ತಲೆ ಮೇಲೆ ಹರಡಿರಬಹುದು. ನಿಮಗೆ ಬೇಕಾದ್ದು ಆಕಾಶದ ಹೊಳಪನ್ನೇ ಲೆಕ್ಕ ಹಾಕಿದ ಪದರ, 2016ರ ವಿಶ್ವ ಅಟ್ಲಾಸ್. ಅದನ್ನೂ ಕಣ್ಮುಚ್ಚಿ ನಂಬಬೇಡಿ. ಅದನ್ನ ಲೆಕ್ಕ ಹಾಕಿದ್ದೂ ಅದೇ ಉಪಗ್ರಹದ ಹಳೇ ದತ್ತಾಂಶದಿಂದ. ಮೇಲಾಗಿ ಆ ಉಪಗ್ರಹದ ಸಂವೇದಕಕ್ಕೆ 500 ನ್ಯಾನೋಮೀಟರಿಗಿಂತ ಕೆಳಗಿನ ನೀಲಿ ಬೆಳಕು ಕಾಣಲ್ಲ. ಬಿಳಿ ಎಲ್ಇಡಿ ದೀಪಗಳ ನೀಲಿ ಭಾಗ ಲೆಕ್ಕಕ್ಕೇ ಸಿಗಲ್ಲ, ಆದ್ರೆ ವಾತಾವರಣದಲ್ಲಿ ಹೆಚ್ಚು ಚದುರೋದು ಆ ನೀಲಿಯೇ.

ಅದಕ್ಕೇ ಹಗಲಲ್ಲಿ ಒಂದು ಸಲ ಹೋಗಿ ಬರಲೇಬೇಕು. ಸುತ್ತ ಕಂಬ ಇದೆಯಾ, ಕಂಬದಲ್ಲಿ ದೀಪ ಇದೆಯಾ ನೋಡಿ. ನೂರು ಮೀಟರ್ ದೂರದ ಒಂದೇ ಒಂದು ದೀಪ ನೇರ ಕಣ್ಣಿಗೆ ಬಿದ್ರೆ ಸಾಕು, ಎಷ್ಟು ದೂರ ಬಂದಿದ್ರೂ ವ್ಯರ್ಥ. ಜಮೀನು ಯಾರದ್ದು ಅಂತ ತಿಳ್ಕೊಂಡು ಅನುಮತಿ ಕೇಳಿ. ಕಣಿವೆಯ ತಳ ಬೇಡ: ರಾತ್ರಿ ತಣ್ಣನೆ ಗಾಳಿ ಅಲ್ಲೇ ಬಂದು ನಿಲ್ಲುತ್ತೆ, ಮಂಜೂ ಮೊದಲು ಅಲ್ಲೇ ಕಟ್ಟುತ್ತೆ, ಲೆನ್ಸ್ ಮೇಲೆ ಇಬ್ಬನಿ ಕೂರುತ್ತೆ. ಇಳಿಜಾರಿನ ನಡುವೆ ಸ್ವಲ್ಪ ಸಮತಟ್ಟು ಸಿಕ್ಕರೆ ಅದೇ ಒಳ್ಳೇದು. ನಕ್ಷೆಯನ್ನ ಫೋನಿಗೆ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಎಲ್ಲಿ ಹೋಗ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ದಿನ ಯಾವುದು? ಅಮಾವಾಸ್ಯೆಯ ಆಸುಪಾಸು. ಅದು ತಪ್ಪಿದ್ರೆ ಕೃಷ್ಣಪಕ್ಷದ ಅಷ್ಟಮಿ ಆದ್ಮೇಲಿನ ದಿನಗಳು, ಚಂದ್ರ ಹುಟ್ಟೋದೇ ಸುಮಾರು ನಡುರಾತ್ರಿ ಕಳೆದ ಮೇಲೆ. ಸೂರ್ಯ ಮುಳುಗಿದ ತಕ್ಷಣ ಪೂರ್ತಿ ಕತ್ತಲೆ ಆಗಲ್ಲ, ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಇಳೀಬೇಕು. ಭೂಮಧ್ಯರೇಖೆಯ ಹತ್ತಿರ ಅದಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ.

ತಲುಪಿದ ಮೇಲೆ ಗಾಡಿಯ ಮೂತಿ ರಸ್ತೆ ಕಡೆಗೆ ಬರೋ ಹಾಗೆ ನಿಲ್ಲಿಸಿ. ಇಲ್ಲದಿದ್ರೆ ಯಾರಾದ್ರೂ ಮಧ್ಯದಲ್ಲಿ ಹೊರಟಾಗ ರಿವರ್ಸ್ ದೀಪದ ಬಿಳಿ ಬೆಳಕು ಎಲ್ಲರ ಕಣ್ಣಿಗೂ ಹೊಡೆಯುತ್ತೆ. ಬಾಗಿಲು ತೆಗೆದ್ರೆ ಹತ್ತೋ ಒಳದೀಪವನ್ನ ಮೊದಲೇ ಆರಿಸಿಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ರೆಟಿನಾದಲ್ಲಿ ಮಂದ ಬೆಳಕನ್ನ ನೋಡೋ ಕಡ್ಡಿಕೋಶಗಳಲ್ಲಿ ರೊಡಾಪ್ಸಿನ್ ಅನ್ನೋ ಬೆಳಕು ಹೀರೋ ವಸ್ತು ಮತ್ತೆ ತುಂಬಬೇಕು, ಒಂದು ವಾಟ್ಸಾಪ್ ಮೆಸೇಜ್ ನೋಡಿದ್ರೂ ಆ ಕಾಯುವಿಕೆ ಬಹುಪಾಲು ಹಾಳು. ಟಾರ್ಚ್ ಕೆಂಪಗಿದ್ರೆ ಮಾತ್ರ ಸಾಲದು, ಮಂದವಾಗಿರಬೇಕು. ಗಾಜಿನ ಮೇಲೆ ಕೆಂಪು ಸೆಲ್ಲೋಫೇನ್ ಸುತ್ತಿ, ಕೈಯಲ್ಲಿರೋ ನಕ್ಷೆಯ ಅಕ್ಷರ ಕಷ್ಟಪಟ್ಟು ಓದೋ ಮಟ್ಟಕ್ಕೆ ಬರೋ ತನಕ ಪದರ ಹೆಚ್ಚಿಸ್ತಾ ಹೋಗಿ.

ಜಾಗ ನಿಜವಾಗ್ಲೂ ಎಷ್ಟು ಕತ್ತಲಾಗಿದೆ ಅಂತ ಅಳೆಯೋಕೆ ಜಾನ್ ಬಾರ್ಟಲ್ 2001ರಲ್ಲಿ ಕೊಟ್ಟ ಅಳತೆಗೋಲಿದೆ. 1 ಅಂದ್ರೆ ಅತಿ ಕತ್ತಲು, 9 ಅಂದ್ರೆ ನಗರದ ನಡುಮಧ್ಯ. ಯಾವ ಉಪಕರಣವೂ ಬೇಡ. ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೆ ಮಸುಕು ಮಚ್ಚೆಯ ಹಾಗೆ ಸಿಕ್ಕರೆ ಪರವಾಗಿಲ್ಲ. ಅದಕ್ಕಿಂತ ಬಹಳ ಮಂಕಾದ ಟ್ರಯಾಂಗ್ಯುಲಮ್ ಗೆಲಾಕ್ಸಿ, ಅಂದ್ರೆ ಎಂ33, ಓರೆಗಣ್ಣಿಗಾದ್ರೂ ಸುಲಭವಾಗಿ ಸಿಕ್ಕರೆ ಅದು ಅಪರೂಪದ ಜಾಗ, ಬಿಡಬೇಡಿ. ಓರೆಗಣ್ಣು ಅಂದ್ರೆ, ನೋಡಬೇಕಾದ್ದರ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟು ಅದನ್ನ ಗಮನಿಸೋದು. ಕಣ್ಣಿನ ನಡುಮಧ್ಯದಲ್ಲಿ ಕಡ್ಡಿಕೋಶಗಳೇ ಇಲ್ಲ, ಅದಕ್ಕೆ ಮಂಕು ವಸ್ತುವನ್ನ ನೇರ ನೋಡಿದ್ರೆ ಮಾಯ ಆಗುತ್ತೆ.

ಅಲ್ಲೊಂದು ಇಲ್ಲೊಂದು ಮೋಡ ಬಂದ್ರೆ ಬೇಜಾರಾಗಿ ಎದ್ದು ಹೋಗಬೇಡಿ, ಅದರ ಬಣ್ಣ ನೋಡಿ. ಬೆಳಕಿರೋ ಕಡೆ ಮೋಡ ಬೂದಿ ಅಥವಾ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತೆ. ಈ ಕೊನೆಯ ಶಾಟ್‌ನಲ್ಲಿ ನಕ್ಷತ್ರಗಳ ನಡುವೆ ತೂತು ಬಿದ್ದ ಹಾಗೆ ಒಂದು ಕಪ್ಪು ತುಂಡು ನಿಧಾನಕ್ಕೆ ಸರೀತಿದೆಯಲ್ಲ, ಅದೂ ಮೋಡವೇ.