ಬ್ಯಾಕಪ್ ಇದೆ, ಫೈಲು ಎಲ್ಲಿ?

ಕೇಳುಗರಿಗೆ ನಮಸ್ಕಾರ. ವಿದ್ಯಾರ್ಥಿಯ ಲ್ಯಾಪ್‌ಟಾಪ್ ಕೆಟ್ಟಿತ್ತು, ಹೊಸದಾಗಿ ಲಿನಕ್ಸ್ ಹಾಕಿದ್ದಾಯಿತು. ಅವನ ಫೈಲುಗಳ ಬ್ಯಾಕಪ್ ಶಾಲೆಯ ಸರ್ವರ್‌ನಲ್ಲಿದೆ. ಇನ್ನೇನು, ತಂದು ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಸ್ವಲ್ಪ ತಾಳಿ. ಆ ಲ್ಯಾಪ್‌ಟಾಪಿನಲ್ಲಿ ತಾನಾಗಿ ನಡೆಯುವ ಬ್ಯಾಕಪ್ಪನ್ನು ಮೊದಲು ನಿಲ್ಲಿಸಿ. ಬ್ಯಾಕಪ್ ಕಮ್ಯಾಂಡಿನಲ್ಲಿ 'ಡಿಲೀಟ್' ಆಯ್ಕೆ ಇದ್ದರೆ, ಲ್ಯಾಪ್‌ಟಾಪಿನಲ್ಲಿ ಇಲ್ಲದ್ದನ್ನೆಲ್ಲ ಅದು ಸರ್ವರ್‌ನಿಂದಲೂ ಅಳಿಸಿಹಾಕುತ್ತದೆ. ಖಾಲಿ ಲ್ಯಾಪ್‌ಟಾಪ್ ಒಂದು ರಾತ್ರಿ ಬ್ಯಾಕಪ್ ಆದರೆ ಸಾಕು, ಬೆಳಗಾಗುವಷ್ಟರಲ್ಲಿ ಸರ್ವರಿನ ಫೋಲ್ಡರೂ ಖಾಲಿ. ತಾರೀಖುವಾರು ಹಳೆಯ ಪ್ರತಿ ಇಡುವ ಸರ್ವರ್ ಆದರೆ ಬಚಾವಾದಿರಿ.

ಕೆಲವು ಕಡೆ ಫೋಲ್ಡರಿಗೆ ವಿದ್ಯಾರ್ಥಿಯ ಹೆಸರಿರುವುದಿಲ್ಲ, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಇರುತ್ತದೆ. ಲ್ಯಾಪ್‌ಟಾಪ್ ಬದಲಾಗಿದ್ದರೆ ಹಳೆಯ ನಂಬರನ್ನೇ ಹುಡುಕಬೇಕು.

ನಕಲು ಮಾಡಲು ಆರ್‌ಸಿಂಕ್ ಎಂಬ ಕಮ್ಯಾಂಡ್ ಒಳ್ಳೆಯದು. ನಡುವೆ ಕೇಬಲ್ ಕಳಚಿದರೂ, ಮತ್ತೆ ಓಡಿಸಿದಾಗ ಬಂದ ಫೈಲುಗಳನ್ನು ಬಿಟ್ಟು ಉಳಿದವನ್ನಷ್ಟೇ ತರುತ್ತದೆ. ಮೊದಲ ಸಲ 'ಹೈಫನ್ ಎ ವಿ ಎನ್' ಹಾಕಿ ಓಡಿಸಿ. ಆಗ ಏನನ್ನೂ ಬರೆಯದೆ, ಏನೇನು ಬರಲಿದೆ ಎಂಬ ಪಟ್ಟಿ ತೋರಿಸುತ್ತದೆ. ಆ ಪಟ್ಟಿ ಓದಿ, ಸರಿಯಿದ್ದರೆ 'ಎನ್' ತೆಗೆದು ಮತ್ತೆ ಓಡಿಸಿ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿನ ಫೈಲುಗಳು ಬರುತ್ತವೆ. ಇಲ್ಲದಿದ್ದರೆ ಫೋಲ್ಡರೇ ಬಂದು ಕೂರುತ್ತದೆ. "ನನ್ನ ಫೈಲು ಬಂದೇ ಇಲ್ಲ" ಎಂಬ ದೂರಿಗೆ ಎಷ್ಟೋ ಸಲ ಈ ಒಂದು ಗೆರೆಯೇ ಕಾರಣ. ಡಾಟ್‌ನಿಂದ ಶುರುವಾಗುವ 'ಕ್ಯಾಶ್' ಫೋಲ್ಡರನ್ನು ತರಬೇಡಿ, ಅದರಲ್ಲಿರುವುದು ತಾತ್ಕಾಲಿಕ ಫೈಲುಗಳು, ಬರೀ ಭಾರ. ವಿದ್ಯಾರ್ಥಿ ಲಾಗಿನ್ ಆಗಿರುವಾಗಲಂತೂ ನಕಲು ಬೇಡ. ತೆರೆದ ಬ್ರೌಸರ್ ತನ್ನ ಸೆಟ್ಟಿಂಗನ್ನು ನೀವು ತಂದ ಸೆಟ್ಟಿಂಗಿನ ಮೇಲೆ ಬರೆದುಬಿಡಬಹುದು.

ನಿಜವಾದ ತಲೆನೋವು ಇರುವುದು ಫೈಲಿನ ಮಾಲೀಕತ್ವದಲ್ಲಿ. ಫೈಲು ಕಾಣುತ್ತದೆ, ಆದರೆ ಸೇವ್ ಆಗುವುದಿಲ್ಲ. ಲಿನಕ್ಸ್ ಡಿಸ್ಕಿನ ಮೇಲೆ ಬರೆದಿಡುವುದು ಮಾಲೀಕನ ಹೆಸರನ್ನಲ್ಲ, ಸಂಖ್ಯೆಯನ್ನು. ಹಳೆಯ ಲ್ಯಾಪ್‌ಟಾಪಿನಲ್ಲಿ 1001 ಆಗಿದ್ದವನು ಹೊಸದರಲ್ಲಿ 1000 ಆಗಿರಬಹುದು. 'ಎಲ್‌ಎಸ್ ಹೈಫನ್ ಎಲ್ ಎನ್' ಎಂಬ ಕಮ್ಯಾಂಡ್ ಕೊಟ್ಟರೆ ಸಂಖ್ಯೆ ಕಾಣುತ್ತದೆ. ತಪ್ಪಿದ್ದರೆ, ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಖಾತೆಯಿಂದ, ಆ ವಿದ್ಯಾರ್ಥಿಯ ಹೋಮ್ ಫೋಲ್ಡರಿಗೆ ಮಾತ್ರ, ಮಾಲೀಕನನ್ನು ಬದಲಿಸುವ 'ಚೋನ್ ಹೈಫನ್ ದೊಡ್ಡ ಆರ್' ಕಮ್ಯಾಂಡ್ ಕೊಡಿ. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777ರ ಮೊರೆ ಹೋಗಬೇಡಿ, ಅದು ಸೋಮಾರಿ ದಾರಿ.

ಮೂವತ್ತು ಲ್ಯಾಪ್‌ಟಾಪಿಗೆ ತಲಾ 2 ಜಿಬಿ ಎಂದರೆ 60 ಜಿಬಿ. ಸೆಕೆಂಡಿಗೆ 5 ಎಂಬಿ ಸಾಗುವ ವೈಫೈನಲ್ಲಿ ಮೂರು ತಾಸಿಗೂ ಹೆಚ್ಚು. 100 ಎಂಬಿ ಸಾಗುವ ಗಿಗಾಬಿಟ್ ಕೇಬಲ್ಲಿನಲ್ಲಿ ಸುಮಾರು ಹತ್ತು ನಿಮಿಷ. ಸಣ್ಣ ಫೈಲುಗಳೇ ತುಂಬಿದ್ದರೆ ಇನ್ನೂ ತಡವಾಗುತ್ತದೆ.

ಕೊನೆಗೆ ವಿದ್ಯಾರ್ಥಿಯೇ ಲಾಗಿನ್ ಆಗಿ ಒಂದು ಹಳೆಯ ಫೈಲು ತೆರೆದು, ತಿದ್ದಿ, ಸೇವ್ ಮಾಡಲಿ. ಅದು ಆದ ಮೇಲಷ್ಟೇ, ನಿಲ್ಲಿಸಿದ್ದ ಬ್ಯಾಕಪ್ಪನ್ನು ಮತ್ತೆ ಚಾಲೂ ಮಾಡಿ.